ಮೀಟರಿನ ಮುಳ್ಳು ಅಲುಗಿದಾಗ

ನಮ್ಮ ಕಾಸರಗೋಡಿನ ಬಾಯಾರು ಕಡೆ ನೀರಿಗಾಗಿ ಗುಡ್ಡಕ್ಕೆ ಸುರಂಗ ತೋಡುವವರು ಒಳಗೆ ಹೋಗುವಾಗ ಒಂದು ಮೇಣದಬತ್ತಿ ಹಚ್ಚಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಗುಡ್ಡದ ಹೊಟ್ಟೆಯೊಳಗೆ ಬತ್ತಿ ಮಂಕಾಯಿತೆಂದರೆ ಉಸಿರಾಡುವ ಗಾಳಿ ಕಡಿಮೆಯಾಯಿತು ಎಂದು ಲೆಕ್ಕ. ಬುಟ್ಟಿಯಲ್ಲಿ ಮಣ್ಣು ಹೊರುವವನು ಪಿಕ್ಕಾಸು ಹೀಗೆ ಹಿಡಿ, ಹಾಗೆ ಹಿಡಿ ಎಂದು ತೋಡುವವನಿಗೆ ಹೇಳುವ ಹಾಗಿಲ್ಲ, ಹೇಳಿದರೆ ಬೈಗುಳ ಗ್ಯಾರಂಟಿ. ಬತ್ತಿ ಮಂಕಾದದ್ದು ಕಂಡರೆ ಮಾತ್ರ ಕೂಗಬಹುದು. ಕೂಗಿದ ಮೇಲೆ ಯಾಕೆ, ಎಂತ ಎಂದು ಯಾರೂ ಕೇಳುವುದಿಲ್ಲ, ಹೊರಗೆ ಬರುವುದು ಅಷ್ಟೆ. ಅಜ್ಜ ಹೇಳುತ್ತಿದ್ದ ಈ ಸಂಗತಿಯ ಬೆಲೆ ನನಗೆ ತಿಳಿದದ್ದು ಸಮುದ್ರದೊಳಗೆ, ಅದೂ ಎರಡು ಸಲ ಸರಿಯಾಗಿ ಪೆಟ್ಟು ತಿಂದ ಮೇಲೆ.

ನಾನು ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿ ಮುಳುಗುವುದನ್ನು, ಕಲಿತದ್ದು ಊರಿನಲ್ಲಲ್ಲ. ಕಾಸರಗೋಡಿನ ಅರ್ಧ ಜನರಂತೆ ನಾನೂ ದುಬೈಯಲ್ಲಿದ್ದೆ. ರಜೆಯ ದಿನ ಫುಜೈರಾಕ್ಕೆ ಹೋಗಿ ಸ್ನೂಪಿ ದ್ವೀಪದ ಬಳಿ ಮುಳುಗುತ್ತಾ ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ ಎಂದು ಒಂದೊಂದೇ ಕೋರ್ಸ್ ಮುಗಿಸಿದೆ. ಊರಿಗೆ ಬಂದು ಅಡಿಕೆ ತೋಟ ನೋಡಿಕೊಳ್ಳಲು ಶುರು ಮಾಡಿದ ಮೇಲೂ ಆ ಹುಚ್ಚು ಬಿಡಲಿಲ್ಲ. ಕುಂಬಳೆ, ಉಪ್ಪಳ, ಪೆರ್ಲ ಕಡೆಯ ಆರೇಳು ಜನ ಸೇರಿ ಮಳೆಗಾಲ ಕಳೆದ ಮೇಲೆ ಹೆದ್ದಾರಿ ಹಿಡಿದು ಮುರ್ಡೇಶ್ವರಕ್ಕೆ ಹೋಗುತ್ತೇವೆ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ.

ರೆಸ್ಕ್ಯೂ ಕೋರ್ಸ್ ಮುಗಿಸಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎಲ್ಲಿ ನೋಡಿದರೂ ಅಪಾಯವೇ ಕಾಣುತ್ತದೆ. ಕಂಡದ್ದನ್ನೆಲ್ಲ ಹೇಳದಿದ್ದರೆ ಹೊಟ್ಟೆ ನೋವು.

ಮೊದಲ ಪೆಟ್ಟು ಆ ಕಾಯಿಲೆಯಿಂದಲೇ. ನಮ್ಮ ತಂಡಕ್ಕೆ ಹೊಸದಾಗಿ ಒಬ್ಬರು ನಿವೃತ್ತ ಮಾಷ್ಟ್ರು ಸೇರಿದ್ದರು. ಕೆಲವು ವರ್ಷಗಳ ಹಿಂದೆ ಅಂಡಮಾನಿನಲ್ಲಿ ಸರ್ಟಿಫಿಕೇಟು ಪಡೆದವರು. ನೇತ್ರಾಣಿಯ ಬಳಿ ದೋಣಿ ನಿಂತಾಗ ಅವರ ವೇಷ ನೋಡಿ ನನಗೆ ತಡೆಯಲಾಗಲಿಲ್ಲ. ಸ್ನಾರ್ಕೆಲ್ ಬಲಗಡೆ ಉಂಟು, ಎಡಕ್ಕೆ ಹಾಕಿ ಎಂದೆ. ಮಾಸ್ಕಿನ ಪಟ್ಟಿ ತಿರುಚಿಕೊಂಡಿದೆ ಎಂದೆ. ಆಕ್ಟೋಪಸ್, ಅಂದರೆ ಜೊತೆಯವರ ಗಾಳಿ ಮುಗಿದರೆ ಕೊಡಲಿಕ್ಕಿರುವ ಎರಡನೇ ರೆಗ್ಯುಲೇಟರ್ (ಬಾಯಿಗಿಟ್ಟು ಉಸಿರೆಳೆಯುವ ಸಾಧನ), ಕೆಳಗೆ ನೇತಾಡುತ್ತಿದೆ ಎಂದೆ. ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಂಟೆಂದು ತೋರಿಸುವ ಮೀಟರಿನ ಪೈಪು ಜಾಕೆಟ್ಟಿಗೆ ಸಿಕ್ಕಿಸಿಲ್ಲ ಎಂದೆ. ಮುಳುಗಲಿಕ್ಕೆಂದು ಮೈಗೆ ಕಟ್ಟುವ ಸೀಸ, ತೆಳು ಸೂಟಿಗೆ 8 ಕಿಲೋ ಯಾಕೆ ಮಾಷ್ಟ್ರೇ, ಎಂದೆ. ಪಂಚಾಂಗ ಓದಿದ ಹಾಗೆ ಐದನ್ನೂ ಒಂದೇ ಉಸಿರಿಗೆ, ಅವರ ಹೆಂಡತಿ ಮತ್ತು ಸೋದರಳಿಯನ ಎದುರಿಗೇ ಹೇಳಿಬಿಟ್ಟೆ.

ಮಾಷ್ಟ್ರು ಏನೂ ಹೇಳಲಿಲ್ಲ. ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದವರು. ಸ್ನಾರ್ಕೆಲ್ ಎಡಕ್ಕೆ ಹಾಕಿಕೊಂಡು ನೀರಿಗೆ ಬಿದ್ದರು. ಕೆಳಗೆ ಹೋದ ಮೇಲೆ ಅವರ ಗುಳ್ಳೆಗಳನ್ನು ನೋಡುತ್ತಿದ್ದೆ. ಒಂದರ ಹಿಂದೆ ಒಂದು, ನಡುವೆ ಬಿಡುವೇ ಇಲ್ಲ. ಹೆಚ್ಚಿನ ಸೀಸ ಅವರನ್ನು ಕೆಳಕ್ಕೆಳೆಯುತ್ತಿತ್ತು, ಅವರು ಜಾಕೆಟ್ಟಿಗೆ ಗಾಳಿ ತುಂಬಿ ಕಾಲು ಬಡಿದು ಮೇಲಕ್ಕೆ ಬರಲು ನೋಡುತ್ತಿದ್ದರು. ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್ ಇದ್ದದ್ದು 20 ನಿಮಿಷಕ್ಕೆ 60ಕ್ಕೆ ಇಳಿಯಿತು. 50 ಬಾರ್ ಉಳಿದಿರುವಾಗ ಮೇಲೆ ಇರಬೇಕೆಂಬುದು ರೂಢಿಯ ಲೆಕ್ಕ. ಗೈಡ್ ಎಲ್ಲರನ್ನೂ ಬೇಗನೆ ಹತ್ತಿಸಿದರು.

ಐದರಲ್ಲಿ ನಿಜವಾಗಿ ಕೆಲಸದ ಮಾತು ಒಂದೇ, ಸೀಸದ್ದು. ಉಳಿದ ನಾಲ್ಕರ ಗಲಾಟೆಯಲ್ಲಿ ಅದು ಅವರ ಕಿವಿಗೇ ಬಿದ್ದಿರಲಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆ. ಮನಸ್ಸು ಕಲಕಿದವನು ಗಾಳಿಯನ್ನು ಗಟಗಟ ಕುಡಿಯುತ್ತಾನೆ. ಅವರ ಸಿಲಿಂಡರಿನ ಹತ್ತಿಪ್ಪತ್ತು ಬಾರನ್ನಾದರೂ ಖಾಲಿ ಮಾಡಿದ್ದು ನನ್ನ ನಾಲಿಗೆಯೇ ಇರಬೇಕು.

ಹಾಗಾಗಿ ಬಾಯಿ ಮುಚ್ಚಿಕೊಂಡೆ. ಎರಡನೇ ಪೆಟ್ಟು ಬಿದ್ದದ್ದು ಅದರಿಂದ.

ಆ ಸಲ ನಮ್ಮ ಜೊತೆಗೆ ಬೆಂಗಳೂರಿನಲ್ಲಿ ಕೆಲಸ ಮಾಡುವ, ಮೂಲತಃ ನಮ್ಮೂರಿನವನೇ ಆದ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ನನ್ನದಕ್ಕಿಂತ ಮೂರು ಪಟ್ಟು ಬೆಲೆಯ ಡೈವ್ ಕಂಪ್ಯೂಟರ್, ಆಳ ಮತ್ತು ಸಮಯದ ಲೆಕ್ಕ ಇಡುವ ಗಡಿಯಾರದಂಥದ್ದು. ನೀರಿಗಿಳಿಯುವ ಮೊದಲು ಅವನು ರೆಗ್ಯುಲೇಟರಿನಲ್ಲಿ ಎರಡು ಸಲ ಉಸಿರೆಳೆದು ನೋಡಿದ. ಎಳೆದಾಗ ಮೀಟರಿನ ಮುಳ್ಳು ಸ್ವಲ್ಪ ಕೆಳಕ್ಕೆ ಅಲುಗಿ ಮತ್ತೆ ಮೇಲೆ ಬಂತು. ಅವನು ನೋಡಲಿಲ್ಲ, ನಾನು ನೋಡಿದೆ. ಮುಳ್ಳು ಹಾಗೆ ತೂಗಾಡಿತೆಂದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದು ಅರ್ಥ. ವಾಲ್ವನ್ನು ಪೂರ್ತಿ ತೆರೆದು ಆಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದು ಹಳೆಯ ಕ್ರಮ. ಅವಸರದಲ್ಲಿ ದಿಕ್ಕು ತಪ್ಪಿದರೆ, ಪೂರ್ತಿ ಮುಚ್ಚಿ ಕಾಲು ಸುತ್ತು ತೆರೆದ ಹಾಗಾಗುತ್ತದೆ. ದೋಣಿಯ ಮೇಲೆ ಉಸಿರಾಟಕ್ಕೆ ಅಷ್ಟೇ ಸಾಕು, ತೊಂದರೆ ಗೊತ್ತಾಗುವುದಿಲ್ಲ. ಆಳ ಹೆಚ್ಚಿದಂತೆ ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಬೇಕು, 10 ಮೀಟರಿನಲ್ಲಿ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು. ಕಿರಿದಾಗಿ ತೆರೆದ ವಾಲ್ವಿನಿಂದ ಅಷ್ಟು ಬರುವುದಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ, ಇವನಿಗೆ ನಾನು ಹೇಳುವುದಾ, ಮಾಷ್ಟ್ರ ಕತೆ ಮತ್ತೆ ಆಗುವುದಾ, ಮುಳ್ಳು ಅಲುಗಿದ್ದು ನನ್ನ ಭ್ರಮೆಯೂ ಇರಬಹುದು ಎಂದೆಲ್ಲ ಯೋಚಿಸುವಷ್ಟರಲ್ಲಿ ಅವನು ಹಿಂದಕ್ಕೆ ಮಗುಚಿ ನೀರಿಗೆ ಬಿದ್ದಾಗಿತ್ತು.

16 ಮೀಟರಿನಲ್ಲಿ ಅವನು ನನ್ನ ಕಡೆ ತಿರುಗಿದ. ಮಾಸ್ಕಿನೊಳಗಿನ ಆ ಕಣ್ಣು ಈಗಲೂ ನೆನಪಿದೆ. ಗಾಳಿ ಇಲ್ಲ ಎಂದು ಕುತ್ತಿಗೆಯ ಮೇಲೆ ಕೈ ಅಡ್ಡ ಎಳೆದು ತೋರಿಸುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ. ನನ್ನ ಆಕ್ಟೋಪಸ್ ಅವನ ಬಾಯಿಗೆ ಕೊಟ್ಟು ಜಾಕೆಟಿನ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡೆ. ಗೈಡ್ ಹಿಂದಿನಿಂದ ಬಂದು ವಾಲ್ವಿನ ಗುಬ್ಬಿ ತಿರುಗಿಸಿದರು. ಅದು ತಿರುಗಿತು, ತಿರುಗುತ್ತಲೇ ಹೋಯಿತು. ನಿಧಾನಕ್ಕೆ ಹತ್ತಿದೆವು, 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಆ ಮೂರು ನಿಮಿಷ ಅವನು ನನ್ನ ಕೈ ಬಿಡಲಿಲ್ಲ. ದೋಣಿಗೆ ಬಂದ ಮೇಲೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಮುಳ್ಳು ನೋಡಿದ್ದೆ ಎಂದು ಅವತ್ತು ಯಾರಿಗೂ ಹೇಳಲಿಲ್ಲ. ಅವನಿಗೆ ಹೇಳಿದ್ದು ಎರಡು ತಿಂಗಳು ಕಳೆದು, ಫೋನಿನಲ್ಲಿ.

ಆಮೇಲೆ ಕುಳಿತು ಓದಿದೆ. 947 ಡೈವಿಂಗ್ ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅನಾಹುತ ಎಲ್ಲಿಂದ ಶುರುವಾಯಿತೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇಕಡಾ 41ರಲ್ಲಿ ಮೂಲ ಕಾರಣ ಗಾಳಿ ಸಾಲದೆ ಹೋದದ್ದು. ತಿರುಚಿದ ಮಾಸ್ಕ್ ಪಟ್ಟಿಯಿಂದ ಯಾರೂ ಸತ್ತಂತಿಲ್ಲ. ಅಜ್ಜನ ಮೇಣದಬತ್ತಿ ಮತ್ತೆ ನೆನಪಾಗಿದ್ದು ಆಗ.

ಈಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಈಗ ಹೇಳದಿದ್ದರೆ ಕೆಳಗೆ ಸರಿ ಮಾಡಲಿಕ್ಕೆ ಆಗುತ್ತದಾ? ಗಾಳಿ, ವಾಲ್ವ್, ಸೀಸ, ಜಾಕೆಟ್ಟಿಗೆ ಗಾಳಿ ತುಂಬುವ ಪೈಪು, ನೆಗಡಿಯಾಗಿ ಕಟ್ಟಿದ ಕಿವಿ, ಹಿಂದಿನ ರಾತ್ರಿ ಕುಡಿದದ್ದು. ಇವಿಷ್ಟಕ್ಕೆ ಬಾಯಿ ತೆರೆಯುತ್ತೇನೆ, ಎದುರಿಗಿರುವುದು ನೂರಾರು ಡೈವ್ ಮಾಡಿದವರಾದರೂ. ಈಜುವ ಶೈಲಿ, ಕ್ಯಾಮೆರಾ ಹಿಡಿಯುವ ರೀತಿ, ಫಿನ್ನಿನ ಕಂಪೆನಿ ನನಗೆ ಸಂಬಂಧಿಸಿದ್ದಲ್ಲ. ಮೊದಲ ಸಲ ಇಳಿಯುವ ಪ್ರವಾಸಿಗಳಿಗೂ ಹೇಳಲು ಹೋಗುವುದಿಲ್ಲ. ಅವರ ಜೊತೆ ಇನ್‌ಸ್ಟ್ರಕ್ಟರ್ ಇರುತ್ತಾರೆ, ನಡುವೆ ನಾನೊಂದು ಹೇಳಿದರೆ ಯಾರ ಮಾತು ಕೇಳುವುದೆಂದು ಪಾಪ ಅವರಿಗೆ ಗೊಂದಲ. ಸಂಶಯ ಬಂದರೆ ಇನ್‌ಸ್ಟ್ರಕ್ಟರ್ ಕಿವಿಯಲ್ಲಿ ಹೇಳುತ್ತೇನೆ. (ಖುಷಿಯಾಗಿ ಹೆಬ್ಬೆರಳು ಮೇಲೆತ್ತಿ ತೋರಿಸಿ, ಯಾಕೆ ನನ್ನನ್ನು ಮೇಲೆ ಕರಕೊಂಡು ಬಂದಿರಿ ಎಂದು ಜಗಳಾಡಿದ ಒಬ್ಬರನ್ನು ನೋಡಿದ್ದೇನೆ. ನೀರಿನೊಳಗೆ ಆ ಸನ್ನೆಯ ಅರ್ಥ ‘ಮೇಲೆ ಹೋಗುವಾ’ ಎಂದೇ.)

ಹೇಗೆ ಹೇಳಬೇಕು ಎಂಬುದನ್ನು ಕಲಿಸಿದವಳು ಉಪ್ಪಳದ ಒಬ್ಬಳು ಹುಡುಗಿ, ಆಗಷ್ಟೇ ಕೋರ್ಸ್ ಮುಗಿಸಿದವಳು. ನನ್ನ ಪಕ್ಕ ಬಂದು ಮೆಲ್ಲಗೆ, “ಅಣ್ಣ, ನಿಮ್ಮ ಜಾಕೆಟ್ಟಿಗೆ ಗಾಳಿ ಹೋಗ್ತದಾ?” ಎಂದಳು. ನನಗೆ ಒಳಗೊಳಗೇ ಸಿಟ್ಟು. “ಹೋಗ್ತದೆ” ಎಂದೆ, ನೋಡದೆಯೇ. ಆಮೇಲೆ ಗುಂಡಿ ಒತ್ತಿದೆ. ಸದ್ದೇ ಇಲ್ಲ. ಪೈಪು ಸಿಕ್ಕಿಸಿರಲೇ ಇಲ್ಲ. ಅವಳು ಸಮುದ್ರ ನೋಡುತ್ತಾ ನಿಂತಿದ್ದಳು, ಏನೂ ಕಾಣದವಳ ಹಾಗೆ. ‘ನೀವು ಸಿಕ್ಕಿಸಿಲ್ಲ’ ಎಂದಿದ್ದರೆ ನಾನು ಏನೋ ವಾದ ಮಾಡುತ್ತಿದ್ದೆ. ಅವತ್ತಿನಿಂದ ನನ್ನದೂ ಪ್ರಶ್ನೆಯೇ: ಉಸಿರೆಳೆಯುವಾಗ ಮುಳ್ಳು ಎಷ್ಟು ತೋರಿಸ್ತದೆ? ಇಷ್ಟು ಸೀಸದಲ್ಲಿ ಹೋದ ಸಲ ಹೇಗಿತ್ತು? ಉತ್ತರ ಕೊಡಲಿಕ್ಕಾದರೂ ಅವರು ನೋಡಲೇಬೇಕು.

ಜಾಗವೂ ಮುಖ್ಯ. ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕಡೆಯವರು, ಯಕ್ಷಗಾನ ನೋಡಿ ಬೆಳೆದವರು. ಕಿರೀಟ ಸಡಿಲ ಉಂಟೆಂದು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಯಾರೂ ಯಾರಿಗೂ ಹೇಳಬಹುದು, ಬಾಲಗೋಪಾಲ ವೇಷದ ಹುಡುಗ ರಾಜವೇಷಕ್ಕೂ ಹೇಳಬಹುದು. ರಂಗಸ್ಥಳದಲ್ಲಿ ಹೇಳಿದರೆ ಮಾನ ಹೋದ ಹಾಗೆ. ಅದಕ್ಕೇ ಈಗ ಹೊರಡುವ ಹಿಂದಿನ ಸಂಜೆ ನಮ್ಮ ಅಂಗಳವೇ ಚೌಕಿ. ಒಣಗುವ ಅಡಿಕೆಯನ್ನು ಒಂದು ಬದಿಗೆ ಸರಿಸಿ ಎಲ್ಲರೂ ಸಾಮಾನು ಹರವುತ್ತೇವೆ. ನನ್ನದನ್ನು ಬೇರೆಯವರು ನೋಡುವುದು, ಅವರದ್ದನ್ನು ನಾನು. ಚಹಾ, ಅವಲಕ್ಕಿ ಜೊತೆಗೆ ಎಷ್ಟು ತಪ್ಪು ಹೇಳಿದರೂ ಯಾರಿಗೂ ನೋಯುವುದಿಲ್ಲ.

ಡೈವ್ ಮುಗಿದ ಮೇಲೆ ಹೇಳಬೇಕಾದದ್ದೂ ಇರುತ್ತದೆ. ಒಂದು ಸಲ ಎರಡೆರಡು ಡೈವ್ ಮುಗಿಸಿ ಹಿಂದೆ ಬರುವಾಗ ನಮ್ಮವರಲ್ಲಿ ಇಬ್ಬರು ಅವತ್ತು ರಾತ್ರಿಯೇ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವುದೆಂದು ಹೊರಟರು. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ಮೈಯಲ್ಲಿ ಕರಗಿದ ನೈಟ್ರೋಜನ್ ಇನ್ನೂ ಹೊರಗೆ ಹೋಗುತ್ತಿರುವಾಗ ಅಷ್ಟು ಎತ್ತರಕ್ಕೆ ಹೋದರೆ ವಿಮಾನ ಹತ್ತಿದ ಹಾಗೆಯೇ, ಗುಳ್ಳೆಗಟ್ಟುವ ಭಯ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ದರೆ ವಿಮಾನಕ್ಕೆ ಕನಿಷ್ಠ 18 ಗಂಟೆ ಕಾಯಬೇಕೆಂದು ಹೇಳುತ್ತಾರೆ.

“ಭಾವ, ನಿನ್ನ ಕಂಪ್ಯೂಟರ್ ನೋ ಫ್ಲೈ ಎಷ್ಟು ಗಂಟೆ ತೋರಿಸ್ತಾ ಉಂಟು?” ಎಂದೆ.

“ಕಾರಿಗೆ ರೆಕ್ಕೆ ಉಂಟಾ ಮಾರಾಯ?” ಎಂದ.

“ರೆಕ್ಕೆ ಇಲ್ಲ. ಘಾಟಿ ಉಂಟಲ್ಲ.”

ಸ್ವಲ್ಪ ಹೊತ್ತು ಕೈ ನೋಡಿಕೊಂಡ. “ಎನಗೆ ಗೊಂತಿದ್ದು” ಎಂದು ಗೊಣಗಿದ. ರಾತ್ರಿ ಸುಳ್ಯದಲ್ಲಿ ಅಕ್ಕನ ಮನೆಯಲ್ಲಿ ಉಳಿದರು, ಮರುದಿನ ಮಧ್ಯಾಹ್ನ ಊಟ ಮಾಡಿ ಘಾಟಿ ಹತ್ತಿದರು. ಗೊತ್ತಿತ್ತೋ ಇಲ್ಲವೋ, ನಾನು ಕೆದಕಲಿಲ್ಲ.

ಮಾಷ್ಟ್ರು ಒಂದು ವರ್ಷ ನಮ್ಮ ಜೊತೆ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ನಮ್ಮ ತೋಟದ ಕೆರೆ ಎರಡಾಳು ಆಳ ಇದೆ, ನನ್ನ ಸೀಸದ ಲೆಕ್ಕ ಸರಿ ಮಾಡಲಿಕ್ಕೆ ಒಬ್ಬರು ಬೇಕು, ಬರ್ತೀರಾ ಎಂದೆ. ಬಂದರು. ಸೂಟು ಹಾಕಿ, ಜಾಕೆಟ್ ಖಾಲಿ ಮಾಡಿ, ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲುವ ತನಕ ಒಂದೊಂದೇ ತುಂಡು ಸೀಸ ತೆಗೆದೆವು, ಮೊದಲು ನನ್ನದು, ಆಮೇಲೆ ಅವರದ್ದು. ಉಪ್ಪುನೀರಿಗೆ ಒಂದಷ್ಟು ಸೇರಿಸಬೇಕು, ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಂತೆ ತೇಲಲು ನೋಡುತ್ತದೆ, ಅದಕ್ಕೂ ಸ್ವಲ್ಪ. ಎಲ್ಲ ಸೇರಿಸಿ ಕೂಡಿದರೂ 8 ಎಲ್ಲಿ, 5 ಎಲ್ಲಿ. ಮಾಷ್ಟ್ರು ಕೆರೆಯ ಮೆಟ್ಟಿಲಲ್ಲಿ ಕುಳಿತು ಪುಸ್ತಕದಲ್ಲಿ ಬರೆದುಕೊಂಡರು.

ಆ ಡಿಸೆಂಬರಿನಲ್ಲಿ ನೇತ್ರಾಣಿಯ ಬಳಿ ದೋಣಿ ನಿಂತಾಗ ಅವರು ನನ್ನ ಮುಂದೆ ಬಂದು ನಿಂತು ಮೇಲಿನಿಂದ ಕೆಳಗಿನ ತನಕ ನೋಡಿದರು. ಮೀಟರ್ ಹಿಡಿದು, “ಉಸಿರೆಳಿ” ಎಂದರು. ಎಳೆದೆ. ಮುಳ್ಳು ಅಲುಗಲಿಲ್ಲ. ಆಮೇಲೆ ನನ್ನ ಬೆನ್ನ ಹಿಂದೆ ಹೋಗಿ, ದೋಣಿಯಲ್ಲಿದ್ದ ಹನ್ನೆರಡು ಜನರಿಗೂ ಕೇಳುವ ಹಾಗೆ, ತರಗತಿಯ ಕೊನೆಯ ಬೆಂಚಿಗೆ ಹೇಳುವ ದನಿಯಲ್ಲಿ ಹೇಳಿದರು:

“ಆಕ್ಟೋಪಸ್ ನೇತಾಡ್ತಾ ಉಂಟು. ಮಾಸ್ಕಿನ ಪಟ್ಟಿ ತಿರುಚಿದೆ. ಎಂತ ಮಾರಾಯ, ಕೋರ್ಸಲ್ಲಿ ಇದೆಲ್ಲ ಕಲಿಸಲಿಲ್ವಾ ನಿಂಗೆ?”