ಕಳೆದುಹೋದ ಪಾರ್ಸೆಲ್‌ಗಳ ಪರಿಹಾರ: ನಾನು ವಸೂಲು ಮಾಡಿದ ಬಗೆ

ಹೊರದೇಶಕ್ಕೆ ಕಳುಹಿಸಿದ ಪಾರ್ಸೆಲ್ ಕಳೆದುಹೋದರೆ ಅಂಚೆಯಿಂದ ಪರಿಹಾರ ಕೇಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ನನ್ನ ಜೊತೆಯ ಆನ್‌ಲೈನ್ ಮಾರಾಟಗಾರರು ಹೇಳುತ್ತಲೇ ಬಂದಿದ್ದರು. ಮೊದಲ ಐದು ಅರ್ಜಿಗಳೂ ತಿರಸ್ಕೃತವಾದಾಗ ನಾನೂ ಹೆಚ್ಚುಕಡಿಮೆ ಅದನ್ನೇ ನಂಬಿದ್ದೆ. ಆದರೆ ಆ ಬಳಿಕ ಕಳೆದುಹೋದ ಸುಮಾರು 11 ಪಾರ್ಸೆಲ್‌ಗಳ ಪೈಕಿ 8ಕ್ಕೆ ಹಣ ಬಂದಿದೆ, ಮತ್ತು ಅಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮ ಕಾಗದಗಳನ್ನು ನನಗೆ ತೋರಿಸಿಯೇ ಅರ್ಜಿ ಹಾಕುತ್ತಾರೆ.

ನಾನು ಮಾರುವುದು ಹಳೆಯ ಕ್ಯಾಮೆರಾ ಲೆನ್ಸುಗಳನ್ನು. ಒಂದು ಕಳೆದರೆ ಆ ನಷ್ಟ ತುಂಬಲು ಐದಾರು ಮಾರಬೇಕು. ನನ್ನ ಮೊದಲ ಸೋಲಿಗೆ ನಾನೇ ಕಾರಣ. ಸುಂಕ ಉಳಿಸಲೆಂದು ಖರೀದಿದಾರರು ಕೇಳಿಕೊಂಡದ್ದಕ್ಕೆ ಸಿಎನ್ 23 ಕಸ್ಟಮ್ಸ್ ನಮೂನೆಯಲ್ಲಿ ನಿಜವಾದ ಬೆಲೆಯ ಕಾಲು ಭಾಗವನ್ನಷ್ಟೇ ಬರೆದಿದ್ದೆ. ಪಾರ್ಸೆಲ್ ಕಾಣೆಯಾದ ಮೇಲೆ ಪೂರ್ಣ ಬೆಲೆ ಕೇಳಿದರೆ, ನನ್ನದೇ ಸಹಿ ಇದ್ದ ಆ ನಮೂನೆಯನ್ನು ನನ್ನ ಮುಂದಿಟ್ಟರು. ಎರಡನೆಯದರಲ್ಲಿ ಮಾರಾಟ ತಾಣದ ವ್ಯಾಜ್ಯ ಮುಗಿಯಲಿ ಎಂದು ಕಾಯುತ್ತ ಕುಳಿತು, ಪಾರ್ಸೆಲ್ ಕೊಟ್ಟ ಮರುದಿನದಿಂದ ಎಣಿಸುವ 6 ತಿಂಗಳ ಗಡುವನ್ನೇ ಮೀರಿಸಿದೆ. ಇನ್ನೊಂದರ ರಸೀದಿ ಮಾಸಿಹೋಗಿತ್ತು: ಜೋಪಾನವಾಗಿರಲೆಂದು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟಿದ್ದ ಆ ಥರ್ಮಲ್ ಕಾಗದವನ್ನು ಹೊರತೆಗೆದಾಗ ತೂಕ, ದಿನಾಂಕ, ಸಂಖ್ಯೆ ಯಾವುದೂ ಇರದೆ, ಒಂದು ಮೂಲೆಯಲ್ಲಿ ನಾನೇ ಪೆನ್ನಿನಿಂದ ಬರೆದಿದ್ದ ಖರೀದಿದಾರರ ಹೆಸರು ಮಾತ್ರ ಉಳಿದಿತ್ತು. ಉಳಿದ ಎರಡೂ ಬಿದ್ದದ್ದು ಬೆಲೆಯ ಪುರಾವೆ ಸಾಲದು ಎಂಬ ಕಾರಣಕ್ಕೆ.

ಈ ಬೆಲೆಯ ವಿಷಯದಲ್ಲಿಯೇ ನನ್ನ ಕಣ್ಣು ತೆರೆದದ್ದು. ಹಳೆಯ ವಸ್ತುವಿಗೆ ಖರೀದಿ ಬಿಲ್ಲು ಎಲ್ಲಿಂದ ಬರಬೇಕು? ಆದರೆ ದೇಶಗಳ ನಡುವಿನ ಅಂಚೆಗೆ ನಿಯಮ ಮಾಡುವ ವಿಶ್ವ ಅಂಚೆ ಒಕ್ಕೂಟದ ನಿಯಮಗಳು ಬಿಲ್ಲನ್ನೇ ಹಿಡಿದು ಕೂರುವುದಿಲ್ಲ. ಅದೇ ಬಗೆಯ ವಸ್ತುವಿಗೆ, ಪಾರ್ಸೆಲ್ ಒಪ್ಪಿಸಿದ ಸ್ಥಳದಲ್ಲಿ, ಒಪ್ಪಿಸಿದ ಸಮಯದಲ್ಲಿ ಇದ್ದ ಚಾಲ್ತಿ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕೈತಪ್ಪಿದ ಲಾಭವನ್ನು ಮಾತ್ರ ಕೊಡುವುದಿಲ್ಲ, ಆದ್ದರಿಂದ ಅರ್ಜಿಯಲ್ಲಿ ಲಾಭ ಎಂಬ ಪದವನ್ನೇ ನಾನು ಎತ್ತುವುದಿಲ್ಲ. ಅಂದಿನಿಂದ ಪ್ರತಿ ಲೆನ್ಸನ್ನು ಕಳುಹಿಸುವ ದಿನವೇ, ಅದೇ ಮಾದರಿಯ ಇತ್ತೀಚಿನ ಮೂರು ನಾಲ್ಕು ಮಾರಾಟಗಳ ದಾಖಲೆಯನ್ನು ದಿನಾಂಕ ಕಾಣುವಂತೆ ಮುದ್ರಿಸಿ, ತೂಕದ ಯಂತ್ರದ ಮೇಲೆ ಪೆಟ್ಟಿಗೆಯನ್ನಿಟ್ಟು ವಿಳಾಸ ಚೀಟಿ ಮತ್ತು ತೂಕ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆದು, ರಸೀದಿಯ ನಕಲಿನ ಜೊತೆ ಒಂದು ಲಕೋಟೆಯಲ್ಲಿ ಹಾಕಿಡುತ್ತೇನೆ. ಪಾರ್ಸೆಲ್ ತಲುಪಿದರೆ ಲಕೋಟೆ ಕಸದ ಬುಟ್ಟಿಗೆ. ನೂರರಲ್ಲಿ ತೊಂಬತ್ತೆಂಟು ಸಲ ಆಗುವುದು ಅದೇ. ಒಂದಕ್ಕೆ ಹತ್ತು ನಿಮಿಷವಾದರೂ ಬೇಕು, ಬೇಸರದ ಕೆಲಸವೇ ಸರಿ.

ಈ ನಡುವೆ ಒಂದು ಉಪಪ್ರಯೋಗವನ್ನೂ ಮಾಡಿದೆ. ಪಾರ್ಸೆಲ್‌ನ ಟ್ರ್ಯಾಕಿಂಗ್ ಸಂಖ್ಯೆಯ ಎರಡು ಅಂಕಿಗಳನ್ನು ನಾನು ಅದಲುಬದಲು ಮಾಡಿದ್ದರಿಂದ ಒಂದು ಅರ್ಜಿ ಎರಡು ತಿಂಗಳು ಎಲ್ಲೋ ಅಲೆದು ವಾಪಸು ಬಂದಿತ್ತು. ಆ ಸಂಖ್ಯೆಯ ಒಂಬತ್ತನೆಯ ಅಂಕಿ ತಾಳೆ ನೋಡುವುದಕ್ಕೆಂದೇ ಇರುವುದು: ಮೊದಲ ಎಂಟನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಬೇಕು, 10 ಬಂದರೆ 0, 11 ಬಂದರೆ 5 ಎಂದು ಹಿಡಿಯಬೇಕು. 12345678ಕ್ಕೆ ಮೊತ್ತ 204, ಶೇಷ 6, ತಾಳೆಯ ಅಂಕಿ 5. ಇದನ್ನು ಸ್ಪ್ರೆಡ್‌ಶೀಟಿಗೆ ಹಾಕಿದ ಮೇಲೆ ಅಂತಹ ತಪ್ಪು ಮತ್ತೆ ಆಗಿಲ್ಲ. ಸಂಖ್ಯೆಯ ಮೊದಲ ಅಕ್ಷರವನ್ನೂ ನೋಡಿಕೊಳ್ಳಿ. ಅದು ಯು (U) ಆಗಿದ್ದರೆ, ಅಂದರೆ ರಿಜಿಸ್ಟರ್ಡ್ ಆಗಲಿ ವಿಮೆಯಾಗಲಿ ಇಲ್ಲದ ಸಾಮಾನ್ಯ ಟಪಾಲಾಗಿದ್ದರೆ, ಅರ್ಜಿ ಬರೆಯುವ ಶ್ರಮವೇ ಬೇಡ. ನಾನು ಎರಡು ಸಲ ಬರೆದು ಕೈಸುಟ್ಟುಕೊಂಡಿದ್ದೇನೆ.

ಸಿಎನ್ 08, ಅಂದರೆ ಪಾರ್ಸೆಲ್ ಏನಾಯಿತೆಂದು ಹುಡುಕಿಸಲು ಅಂಚೆಗೆ ಕೊಡುವ ವಿಚಾರಣಾ ಅರ್ಜಿಯನ್ನು ತುಂಬುವುದು ಕಷ್ಟವಲ್ಲ. ಗೆಲುವು ನಿಂತಿರುವುದು ಖರೀದಿದಾರರ ಮೇಲೆ. ಹಣ ವಾಪಸು ಸಿಕ್ಕಿದ ಮೇಲೆ ಅವರು ತಮ್ಮ ದೇಶದ ಅಂಚೆಯ ವಿಚಾರಣೆಗೆ ಉತ್ತರಿಸುವುದಿಲ್ಲ, ಅಲ್ಲಿಗೆ ಕಡತ ಮಲಗುತ್ತದೆ. ಆದ್ದರಿಂದ ಹಣ ಹಿಂತಿರುಗಿಸಲು ಒಪ್ಪುವ ಸಂದೇಶದಲ್ಲಿಯೇ, ವಸ್ತು ತಲುಪಿಲ್ಲ ಎಂಬ ಎರಡು ಸಾಲಿನ ಹೇಳಿಕೆಯನ್ನು ಸಹಿ, ದಿನಾಂಕ ಸಹಿತ ಕೇಳಿಬಿಡುತ್ತೇನೆ. ಇಲ್ಲವೆಂದವರು ಒಬ್ಬರೇ. ತಿರಸ್ಕಾರದ ಬಳಿಕ ಬರೆಯುವ ಎರಡನೆಯ ಪತ್ರದ ಮೊದಲ ವಾಕ್ಯ ಹೇಗಿರಬೇಕು ಎಂಬುದನ್ನು ನಾನು ಕಂಡುಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ಅದನ್ನು ಇಲ್ಲಿ ಬಿಟ್ಟುಕೊಡಲಾರೆ.

ಹಣ ಬರಲು ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ವಿಮೆ ಮಾಡಿಸಿದವುಗಳಲ್ಲಿ ಬಹುತೇಕ ಪೂರ್ಣ ಬೆಲೆ ಬಂದಿತು. ಬರಿಯ ರಿಜಿಸ್ಟರ್ಡ್ ಆದವುಗಳಿಗೆ ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ) ಲೆಕ್ಕದ ನಿಗದಿತ ಮಿತಿಯಷ್ಟೇ, ಅದು ನನ್ನ ಲೆನ್ಸುಗಳ ಅರ್ಧ ಬೆಲೆಯನ್ನೂ ಮುಟ್ಟಲಿಲ್ಲ. ಈಗ ಎಲ್ಲವನ್ನೂ ವಿಮೆ ಮಾಡಿಸಿಯೇ ಕಳುಹಿಸುತ್ತೇನೆ.

ಹೋದ ಸಲ, ಪರಿಹಾರ ಕೈಸೇರಿದ ಮೇಲೆ, ಪಾರ್ಸೆಲ್ ಸಿಕ್ಕಿದೆ, ಮೂರು ತಿಂಗಳೊಳಗೆ ಹಣ ಮರಳಿಸಿ ವಸ್ತುವನ್ನು ಪಡೆಯಬಹುದು ಎಂದು ಪತ್ರ ಬಂತು. ಅಷ್ಟು ಕಾಲ ಯಾವುದೋ ಗೋದಾಮಿನ ತೇವದಲ್ಲಿ ಬಿದ್ದಿದ್ದ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ ಎಂದು ಎರಡು ದಿನ ಯೋಚಿಸಿ, ಹಣವನ್ನೇ ಇಟ್ಟುಕೊಂಡೆ.