ಸೌಹಾರ್ದದ ಭಾಷಣ ಬೇಡ, ಒಟ್ಟಿಗೆ ಮಾಡೋ ಕೆಲಸ ಕೊಡಿ: ನನ್ನ ಅನುಭವ

ಟ್ಯಾನರಿ ರಸ್ತೆ, ಕಾಕ್ಸ್ ಟೌನ್, ಲಿಂಗರಾಜಪುರ. ಬೆಂಗಳೂರಿನ ಈ ಭಾಗದಲ್ಲಿ ಒಂದೇ ಬೀದಿಯಲ್ಲಿ ದಖನಿ, ತಮಿಳು, ಕನ್ನಡ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಹಾಗಂತ ಇಲ್ಲಿನ ಮಕ್ಕಳು ತಾವಾಗಿಯೇ ಬೆರೆಯುತ್ತಾರೆ ಅಂದುಕೊಳ್ಳಬೇಡಿ. ಉರ್ದು ಮೀಡಿಯಂ ಮಕ್ಕಳದ್ದು ಒಂದು ಸ್ಕೂಲು, ಕನ್ನಡ ಮೀಡಿಯಂನವರದ್ದು ಇನ್ನೊಂದು, ಕಾನ್ವೆಂಟಿನವರದ್ದು ಮತ್ತೊಂದು. ಟ್ಯೂಷನ್ನೂ ಬೇರೆ ಬೇರೆ. ಚಿಕ್ಕವರಿದ್ದಾಗ ಬೀದಿಯಲ್ಲಿ ಒಟ್ಟಿಗೆ ಲಗೋರಿ ಆಡಿದವರು ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಎದುರಿಗೆ ಸಿಕ್ಕರೂ ಮಾತಾಡುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ಶನಿವಾರ ಮಧ್ಯಾಹ್ನ ಹದಿಮೂರರಿಂದ ಹದಿನೇಳರ ವಯಸ್ಸಿನ ಮಕ್ಕಳ ಗುಂಪೊಂದನ್ನು ನಡೆಸುತ್ತಿದ್ದೇನೆ. ಶುಕ್ರವಾರ ಜುಮ್ಮಾ ನಮಾಜು, ಭಾನುವಾರ ಚರ್ಚು, ಹಾಗಾಗಿ ಶನಿವಾರ. ರಂಜಾನ್ ತಿಂಗಳಲ್ಲಿ ಬೇಗ ಶುರು ಮಾಡಿ ಬೇಗ ಬಿಡುತ್ತೇವೆ. ಆ ತಿಂಗಳು ತಿಂಡಿ ಇರುವುದಿಲ್ಲ, ಯಾರಿಗೂ.

ಒಂದು ವಿಷಯದಲ್ಲಿ ಮೊದಲಿನಿಂದಲೂ ನಾನು ಗಟ್ಟಿ. ಒಬ್ಬನಿಗೆ ಪಂಚೆ, ಒಬ್ಬನಿಗೆ ಟೋಪಿ, ಒಬ್ಬಳ ಕುತ್ತಿಗೆಗೆ ಶಿಲುಬೆ ಹಾಕಿಸಿ, ಕೈ ಕೈ ಹಿಡಿಸಿ ಫೋಟೋ ತೆಗೆಯುವ ಕಾರ್ಯಕ್ರಮ ನಮ್ಮಲ್ಲಿಲ್ಲ. ಹಾಗೆ ವೇದಿಕೆ ಮೇಲೆ ನಿಂತ ಹುಡುಗ ತಾನಾಗಿ ನಿಂತಿರುವುದಿಲ್ಲ, ತನ್ನ ಧರ್ಮದ ಗುರುತಾಗಿ ನಿಂತಿರುತ್ತಾನೆ. ಆ ವಯಸ್ಸಿನಲ್ಲಿ ಅದು ತುಂಬಾ ಭಾರ.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದ್ದರು, ಬೇರೆ ಬೇರೆ ಗುಂಪಿನವರನ್ನು ಸುಮ್ನೆ ಎದುರುಬದುರು ಕೂರಿಸಿದರೆ ಸಾಲದು ಅಂತ. ಸರಿಸಮ ಸ್ಥಾನ ಬೇಕು, ಒಂದೇ ಗುರಿ ಬೇಕು, ಕೂಡಿ ಮಾಡುವ ಕೆಲಸ ಬೇಕು, ದೊಡ್ಡವರ ಬೆಂಬಲ ಬೇಕು. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಊರಿನ ಶಾಲೆಗಳಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಗೆ ತಂದಾಗ ಜಗಳ ಜಾಸ್ತಿಯಾಯಿತು. ಆಗ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಒಂದು ವಿಧಾನ ಕಂಡುಕೊಂಡರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಪಕ್ಕದವನು ಕಲಿಸದಿದ್ದರೆ ನನಗೆ ಪಾಠ ಪೂರ್ತಿಯಾಗುವುದೇ ಇಲ್ಲ.

ನಾನು ಆ ವಿಧಾನವನ್ನು ಬೆಂಗಳೂರಿನ ಕರಗ ಹಬ್ಬದ ಪಾಠಕ್ಕೆ ಅಳವಡಿಸಿದೆ. ಚೈತ್ರ ಹುಣ್ಣಿಮೆ ರಾತ್ರಿ ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ. ಇದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಹೋಗಿ ಕೇಳಿದವರು ಕಡಿಮೆ. ಐದೈದು ಮಕ್ಕಳ ತಂಡ ಮಾಡಿದೆ. ಗುಡಿ, ಕತ್ತಿ ಹಿಡಿದು ಕರಗದ ಜೊತೆ ಸಾಗುವ ವೀರಕುಮಾರರು, ದರ್ಗಾ, ಕೆ.ಆರ್. ಮಾರ್ಕೆಟ್‌ನ ಮಲ್ಲಿಗೆ ವ್ಯಾಪಾರ, ದಾರಿಯ ಅಂಗಡಿಗಳು, ಹೀಗೆ ಐದು ತುಂಡು. ಎಲ್ಲಾ ತಂಡಗಳಲ್ಲೂ ದರ್ಗಾ ಸಿಕ್ಕವರು ಒಟ್ಟಿಗೆ ಹೋಗಿ ವಿಚಾರಿಸುತ್ತಾರೆ. ಆಮೇಲೆ ತಂತಮ್ಮ ತಂಡಕ್ಕೆ ವಾಪಸ್ ಬಂದು ಉಳಿದ ನಾಲ್ವರಿಗೆ ಕಲಿಸುತ್ತಾರೆ. ಕೊನೆಗೆ ಪ್ರಶ್ನೆಪತ್ರಿಕೆ ಕೊಡುತ್ತೇನೆ. ಐದೂ ತುಂಡಿನ ಪ್ರಶ್ನೆ ಇರುತ್ತವೆ, ಒಬ್ಬೊಬ್ಬರೇ ಬರೆಯಬೇಕು. ಹಾಗಾಗಿ ಪಕ್ಕದವನ ಮಾತನ್ನು ಕಿವಿಗೊಟ್ಟು ಕೇಳದೆ ವಿಧಿಯಿಲ್ಲ.

ನನ್ನದೇ ಒಂದು ನಿಯಮ ಸೇರಿಸಿದ್ದೇನೆ. ಅವರವರ ಧರ್ಮದ ತುಂಡು ಅವರವರಿಗೆ ಕೊಡುವುದಿಲ್ಲ. ವೀರಕುಮಾರರ ತುಂಡು ಉರ್ದು ಮೀಡಿಯಂ ಹುಡುಗಿಗೆ ಬಂತು. ಗುಡಿಯ ಹತ್ತಿರ ಹಿರಿಯರೊಬ್ಬರನ್ನು ನಿಲ್ಲಿಸಿ, ತಡವರಿಸುವ ಕನ್ನಡದಲ್ಲಿ, "ಅಜ್ಜ, ಕತ್ತಿ ಹಿಡ್ಕೊಂಡು ರಾತ್ರಿಯೆಲ್ಲಾ ಓಡಾಡ್ತಾರಲ್ಲ, ಕೈ ನೋಯಲ್ವಾ?" ಅಂದಳು. ಅಜ್ಜ ನಕ್ಕು, ಕಲ್ಲಿನ ಮೇಲೆ ಕೂತು, ತಾವು ಹುಡುಗರಾಗಿದ್ದಾಗಿನ ವ್ರತದ ದಿನಗಳಿಂದ ಶುರುಮಾಡಿದರು. ಅವಳ ತಂಡದ ಕನ್ನಡದ ಹುಡುಗನಿಗೆ ಅಷ್ಟು ವಿವರ ಗೊತ್ತೇ ಇರಲಿಲ್ಲ. ಅವಳು ಹೇಳುತ್ತಾ ಹೋದಳು, ಅವನು ಬರೆದುಕೊಳ್ಳುತ್ತಾ ಹೋದ.

ತಿಂಡಿಗೆ ಚುರುಮುರಿ. ಯಾರ ಮನೆಯ ಕಟ್ಟುಪಾಡಿಗೂ ತೊಂದರೆಯಿಲ್ಲ. ಜೈನ ಹುಡುಗಿಗೆ ಈರುಳ್ಳಿ, ಕ್ಯಾರೆಟ್ ಹಾಕದೆ ಬೇರೆ ತೆಗೆದಿಡುತ್ತೇವೆ.

ಅಪ್ಪ ಅಮ್ಮಂದಿರ ಮನೆಗೆ ನಾನೇ ಹೋಗುತ್ತೇನೆ. ಫೋನು ಸಾಕಾಗುವುದಿಲ್ಲ. ಹುಡುಗಿಯರ ಮನೆಯಲ್ಲಿ ಮೊದಲ ಪ್ರಶ್ನೆ ಧರ್ಮದ್ದಲ್ಲ, ಎಷ್ಟು ಗಂಟೆಗೆ ಬಿಡುತ್ತೀರಿ ಅನ್ನುವುದು. ಕತ್ತಲಾಗುವ ಮುಂಚೆ ಮನೆ ಸೇರಬೇಕು ಅಂದರೆ ಸೇರಬೇಕು. ಆ ಮಾತು ಉಳಿಸಿಕೊಂಡರೆ ಉಳಿದ ಬಾಗಿಲುಗಳು ತೆರೆಯುತ್ತವೆ.

2022ರ ಫೆಬ್ರುವರಿಯಲ್ಲಿ ಹಿಜಾಬ್ ವಿಷಯ ರಾಜ್ಯವಿಡೀ ಹೊತ್ತಿಕೊಂಡಿತು. ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟರು. ಆಗ ನಾವು ಬೀದಿ ದೀಪ ಉರಿಯದ ಗಲ್ಲಿಗಳ ನಕ್ಷೆ ಮಾಡುತ್ತಿದ್ದೆವು. ಎರಡು ಗಲ್ಲಿ ನೋಡಿಕೊಂಡಿದ್ದ ಹುಡುಗಿ ಆ ಶನಿವಾರ ಬರಲಿಲ್ಲ. "ಅವಳಿಲ್ಲದೆ ನಮ್ಮ ನಕ್ಷೆ ಮುಗಿಯಲ್ಲ ಮಿಸ್," ಅಂತ ತಂಡದ ಇಬ್ಬರು ಹುಡುಗಿಯರು ತಾವೇ ಅವಳ ಮನೆಗೆ ಹೋದರು. ಒಬ್ಬಳು ತಮಿಳು ಕ್ರೈಸ್ತಳು, ಇನ್ನೊಬ್ಬಳು ಗೌಡರ ಮನೆಯವಳು. ಅವಳ ಅಮ್ಮಿ ಇಬ್ಬರಿಗೂ ಚಹಾ ಕೊಟ್ಟು, ಮುಂದಿನ ವಾರ ಕಳಿಸುತ್ತೇನೆ ಅಂದರು. ಕಳಿಸಿದರು.

ನಾನು ಆ ಬಗ್ಗೆ ಚರ್ಚೆ ಇಡಲಿಲ್ಲ. ಕಣ್ಣೆಲ್ಲಾ ಅವಳ ಮೇಲೆ ನೆಡುವಂತೆ ಮಾಡಲು ನನಗೆ ಮನಸ್ಸಿರಲಿಲ್ಲ. ಆದರೆ ನಕ್ಷೆಗೆ ಬಣ್ಣ ಹಚ್ಚುತ್ತಾ ಅವರೇ ಮಾತಿಗಿಳಿದರು.

"ಮನೇಲಿ ಹಾಕ್ಕೋ ಅಂತಾರಾ, ನೀನೇ ಹಾಕ್ಕೋತೀಯಾ?"

"ಎರಡೂ. ನಿಮ್ಮಮ್ಮ ಬಳೆ ಹಾಕ್ಕೋ ಅಂದ್ರೆ ನೀನೇನ್ ಮಾಡ್ತೀಯಾ?"

"ಜಗಳ ಆಡ್ತೀನಿ. ಆಮೇಲೆ ಹಾಕ್ಕೋತೀನಿ."

ಒಬ್ಬ ಹುಡುಗ, ಯೂನಿಫಾರ್ಮ್ ಅಂದ್ರೆ ಎಲ್ಲರಿಗೂ ಒಂದೇ ಇರಬೇಕು ಅಲ್ವಾ ಅಂದ. ಅವಳು ಒಪ್ಪಲಿಲ್ಲ, ಅವನೂ ಬಿಡಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಒಪ್ಪದೆಯೂ ಅದೇ ಹಾಳೆಯ ಮೇಲೆ ಕೆಲಸ ಮುಂದುವರಿಸಿದರು. ನನ್ನ ಮಟ್ಟಿಗೆ ಇದು ಎಲ್ಲರೂ ಒಂದೇ ಅನ್ನುವ ಘೋಷಣೆಗಿಂತ ದೊಡ್ಡದು. ಅದುವರೆಗೆ ಕೂಡಿ ಕೆಲಸ ಮಾಡಿದ್ದರಿಂದಲೇ ಅದು ಸಾಧ್ಯವಾಯಿತು.

ಆಟಕ್ಕೂ ಇದೇ ಲೆಕ್ಕ. ಮ್ಯಾಟ್ ಲೋ ಅನ್ನುವ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ ಯುವಕರ ಕ್ರಿಕೆಟ್ ಲೀಗ್ ನಡೆಸಿ ನೋಡಿದ್ದಾರೆ. ಒಂದೇ ಟೀಮಿನಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಹಾಗಾಗಲಿಲ್ಲ. ನಮ್ಮಲ್ಲಿ ಲಗೋರಿಗೂ ಖೋ ಖೋಗೂ ಚೀಟಿ ಎತ್ತಿ ತಂಡ ಮಾಡುತ್ತೇವೆ. "ನಮ್ಮ ಏರಿಯಾ, ನಿಮ್ಮ ಏರಿಯಾ" ಅನ್ನುವ ಮ್ಯಾಚು ಬೇಡವೇ ಬೇಡ.

ಈ ಸಲ ಮಕ್ಕಳು ಆರಿಸಿಕೊಂಡಿರುವುದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬ. ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ತೇರು. ತಮಿಳು ಕ್ರೈಸ್ತ ಹುಡುಗನೊಬ್ಬ ಆಗಲೇ ತಕರಾರು ತೆಗೆದಿದ್ದಾನೆ. "ಮಿಸ್, ತೇರಿನದ್ದು ನಂಗೇ ಕೊಡಿ, ಅದು ನಮ್ಮ ಚರ್ಚು." ಕೊಡುವುದಿಲ್ಲ. ಅವನಿಗೆ ರಸೆಲ್ ಮಾರ್ಕೆಟ್ ವ್ಯಾಪಾರಿಗಳ ತುಂಡು. ತೇರಿನ ವಿಷಯ ಅವನಿಗೆ ಇನ್ನೊಬ್ಬರು ಕಲಿಸುತ್ತಾರೆ.