ಆಖೆನ್‌ನಲ್ಲಿ ಒಂದು ವಿಳಾಸ ಸಿಗುವವರೆಗೆ

2023ರ ಅಕ್ಟೋಬರ್‌ನಲ್ಲಿ ಎಂಎಸ್ ಓದಲು ಜರ್ಮನಿಯ ಆಖೆನ್‌ಗೆ ಬಂದೆ. ಕ್ಲಾಸು, ಲ್ಯಾಬು ಹೇಗೋ ಹೊಂದಿಕೆಯಾಯಿತು. ಮೊದಲ ಆರು ವಾರ ನಿದ್ದೆ ಕೆಡಿಸಿದ್ದು ಮನೆ ವಿಳಾಸ.

ವೀಸಾಕ್ಕೆ ಆಗ ಬ್ಲಾಕ್ಡ್ ಅಕೌಂಟ್‌ನಲ್ಲಿ 11,208 ಯೂರೋ ಇಡಬೇಕಿತ್ತು. ಅಪ್ಪ ಸಾಲ ಮಾಡಿ ಇಟ್ಟಿದ್ದರು. ಅದನ್ನು ಒಂದೇ ಸಲ ತೆಗೆಯುವಂತಿಲ್ಲ. ಆಗ ತಿಂಗಳಿಗೆ 934 ಯೂರೋ ಬಿಡುತ್ತಿದ್ದರು, ಅದನ್ನು ಪಡೆಯಲು ನಮ್ಮದೊಂದು ಬ್ಯಾಂಕ್ ಖಾತೆ ಬೇಕಿತ್ತು. ನಾನು ಹೋದ ಬ್ಯಾಂಕ್‌ನವರು ಆನ್‌ಮೆಲ್ಡುಂಗ್ ಪತ್ರ ಕೇಳಿದರು, ಅಂದರೆ ಇಲ್ಲಿನ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ್ದಕ್ಕೆ ದಾಖಲೆ. ಆ ಕಚೇರಿಯಲ್ಲಿ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು ಅಂದರು. ನನಗೆ ಮನೆಯೇ ಇಲ್ಲ! ಹಾಸ್ಟೆಲ್‌ನ ಬಂಕ್ ಹಾಸಿಗೆ ಮೇಲೆ ಕೂತು, ಊರಿಂದ ತಂದ ನೋಟುಗಳನ್ನು ದಿನಾ ರಾತ್ರಿ ಎಣಿಸುತ್ತಿದ್ದೆ.

ಅಷ್ಟರಲ್ಲಿ ಒಬ್ಬ ಚೆಂದದ ರೂಮಿನ ಫೋಟೋ ಕಳಿಸಿದ. ತಾನು ಬೇರೆ ದೇಶದಲ್ಲಿದ್ದೇನೆ, ಡೆಪಾಸಿಟ್ ಹಾಕಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತೆ ಅಂದ. ಸೀನಿಯರ್ ಒಬ್ಬರಿಗೆ ಮೆಸೇಜ್ ತೋರಿಸಿದೆ. "ಒಂದು ಪೈಸೆ ಹಾಕಬೇಡ, ಇದು ಮೋಸ" ಅಂದರು. ಅವರು ಇಲ್ಲದಿದ್ದರೆ ಆ ದುಡ್ಡು ಹೋಗುತ್ತಿತ್ತು.

ಆಮೇಲೆ ಖಾಯಂ ರೂಮಿನ ಆಸೆ ಬಿಟ್ಟೆ. ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುವವರು ಮೂರು ತಿಂಗಳಿಗೆ ರೂಮು ಬಿಟ್ಟುಕೊಡುತ್ತಾರೆ, ಅಂಥದ್ದನ್ನೇ ಹುಡುಕಿದೆ. ಪ್ರತಿ ಮೆಸೇಜನ್ನೂ ಬಂದಷ್ಟು ಜರ್ಮನ್‌ನಲ್ಲೇ ಬರೆದೆ. ಬಾಡಿಗೆಗಿಂತ ಮೊದಲು ಕೇಳುತ್ತಿದ್ದದ್ದು, "ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ?" ಆಗಲ್ಲ ಅಂದರೆ ರೂಮು ಎಷ್ಟೇ ಅಗ್ಗವಿದ್ದರೂ ಬಿಟ್ಟೆ.

ಕೊನೆಗೆ ಒಂದು ಮನೆಯಲ್ಲಿ ಮೂವರು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿಸಿದರು. ಫ್ರಿಜ್ ಮೇಲೆ ಒಂದು ಪಟ್ಟಿ ಅಂಟಿಸಿದ್ದರು: ಯಾವ ವಾರ ಯಾರು ಬಾತ್‌ರೂಮ್ ತೊಳೀಬೇಕು, ಯಾರು ಕಸ ಹಾಕಬೇಕು. ಒಬ್ಬಳು ಅದನ್ನು ತೋರಿಸಿ "ಇದಕ್ಕೆ ಒಪ್ಪಿಗೇನಾ?" ಅಂದಳು. "ಮೊದಲ ವಾರಕ್ಕೇ ನನ್ನ ಹೆಸರು ಬರೀರಿ" ಅಂದೆ. ಮರುದಿನ ಸಂಜೆ ರೂಮು ನನಗೇ ಅಂತ ಮೆಸೇಜ್ ಬಂತು. ಆ ವಾರವೇ ನೋಂದಣಿ ಮಾಡಿಸಿದೆ, ಖಾತೆ ತೆರೆದೆ. ನವೆಂಬರ್ ಮಧ್ಯದಲ್ಲಿ ಮೊದಲ ಕಂತು ಬಿತ್ತು. ಸೀನಿಯರ್‌ ಹತ್ತಿರ ಮಾಡಿದ್ದ ಕೈಸಾಲ ತೀರಿಸಿ, ಅಪ್ಪನಿಗೆ ಫೋನ್ ಮಾಡಿದೆ.

ಹೊರಡುವವರಿಗೆ ನಾನು ಹೇಳೋದಿಷ್ಟೇ: ಅಡ್ಮಿಷನ್ ಸಿಕ್ಕ ದಿನವೇ ವಿದ್ಯಾರ್ಥಿ ವಸತಿಗೆ ಅರ್ಜಿ ಹಾಕಿ, ಎರಡು ತಿಂಗಳ ಖರ್ಚು ಕೈಯಲ್ಲಿರಲಿ, ಯಾರಾದರೂ ಕಣ್ಣಾರೆ ನೋಡದ ರೂಮಿಗೆ ದುಡ್ಡು ಹಾಕಬೇಡಿ. ಈಗ ಜೂನಿಯರ್‌ಗಳ ಪರವಾಗಿ ನಾನೇ ಹೋಗಿ ನೋಡಿ ಬರುತ್ತೇನೆ. ಕಳೆದ ವಾರ ನೋಡಿದ ರೂಮಲ್ಲಿ ಗೋಡೆ ಮೂಲೆಯೆಲ್ಲ ಬೂಷ್ಟು. ವಿಡಿಯೋ ಮಾಡಿ ಕಳಿಸಿದೆ, ಬೇಡ ಅಂದೆ. ಶನಿವಾರ ಇನ್ನೊಂದು ನೋಡಬೇಕು.